ಹಸಿರು ಹೊಲಕ್ಕೆ ನೇರಳೆ ಬಣ್ಣ: ನೋಟೀಸು ಬಂದಾಗ ರೈತರು ಮಾಡಬೇಕಾದ್ದೇನು?



ಕೆಲವು ದಿನಗಳ ಹಿಂದೆ ಬೆಂಗಳೂರಿನ ಉತ್ತರ ಭಾಗದ ಒಂದು ಹಳ್ಳಿಯಲ್ಲಿ ರಾಗಿ ಬೀಜೋಪಚಾರದ ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದೆವು. ನಾನು ಮಾತು ಶುರು ಮಾಡುವ ಮೊದಲೇ ಹಿರಿಯರೊಬ್ಬರು ಜೇಬಿನಿಂದ ಮಡಿಸಿದ ಕಾಗದ ತೆಗೆದು, "ಸ್ವಾಮಿ, ಬೀಜದ ಮಾತು ಆಮೇಲಾಗಲಿ. ಮೊದಲು ಇದನ್ನ ಓದಿ ಹೇಳಿ. ಬಿತ್ತೋಕೆ ನೆಲ ಉಳೀತದೋ ಇಲ್ವೋ ಗೊತ್ತಾಗಲಿ" ಎಂದರು. ಅದು ಕೈಗಾರಿಕೆಗಾಗಿ ಭೂಸ್ವಾಧೀನದ ನೋಟೀಸು. ಮನೆಗೆ ಬಂದು ಮೂರು ವಾರವಾಗಿತ್ತು. ಯಾರೂ ಉತ್ತರ ಕೊಟ್ಟಿರಲಿಲ್ಲ.

ಆ ಹಿರಿಯರಿಗೆ ಅಂದು ಹೇಳಿದ್ದನ್ನೇ ಇಲ್ಲಿ ತಮ್ಮೆಲ್ಲರಿಗೂ ಹೇಳುತ್ತೇನೆ. ಭೂಮಿ ಕೊಡಿ ಎಂದಾಗಲೀ ಕೊಡಬೇಡಿ ಎಂದಾಗಲೀ ಹೇಳುವುದು ನನ್ನ ಕೆಲಸವಲ್ಲ. ಆದರೆ ತಿಳಿಯದೆ ಭೂಮಿ ಕಳೆದುಕೊಳ್ಳಬಾರದು.

ಜಾಲಹಳ್ಳಿ ಹೇಳುವ ಪಾಠ

ಜಾಲಹಳ್ಳಿಯನ್ನೇ ನೋಡಿ. 1953ರಲ್ಲಿ ಹೆಚ್.ಎಂ.ಟಿ., 1954ರಲ್ಲಿ ಬಿ.ಇ.ಎಲ್. ಹುಟ್ಟಿಕೊಂಡವು. 1961ರಲ್ಲಿ ಹೆಚ್.ಎಂ.ಟಿ. ಜಪಾನಿನ ಸಿಟಿಜನ್ ಕಂಪನಿಯ ಸಹಾಯದಿಂದ ಕೈಗಡಿಯಾರ ತಯಾರಿಕೆಗೆ ಕೈಹಾಕಿತು. ಸಾವಿರಾರು ಮನೆಗಳ ಒಲೆ ಈ ಕಾರ್ಖಾನೆಗಳಿಂದ ಉರಿಯಿತು. ಅವು ತಮ್ಮ ನೌಕರರಿಗೆ ವಸತಿ, ಶಾಲೆ ಕಟ್ಟಿದವು, ಮರ ಬೆಳೆಸಿದವು. ಇದನ್ನು ಅಲ್ಲಗಳೆಯುವಂತಿಲ್ಲ.

ಪಕ್ಕದ ಪೀಣ್ಯದ ಕಥೆ ಬೇರೆ. ಅಲ್ಲಿ ಸಣ್ಣ ಕೈಗಾರಿಕೆಗಳು ಮನೆಗಳ ಬದಿಯಲ್ಲೇ ಒತ್ತೊತ್ತಾಗಿ ಬೆಳೆದವು. ಲೋಹಕ್ಕೆ ಲೇಪ ಕೊಡುವ ಘಟಕಗಳ ಕೊಳೆನೀರು ನೆಲಕ್ಕಿಳಿಯಿತು. ಅಂತರ್ಜಲದಲ್ಲಿ ಕ್ರೋಮಿಯಂ ವಿಷ ಕಂಡುಬಂತು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಪೀಣ್ಯವನ್ನು ತೀವ್ರ ಮಲಿನ ಪ್ರದೇಶಗಳ ಪಟ್ಟಿಗೆ ಸೇರಿಸಿತು. ಮೇಲ್ಮಣ್ಣು ಕೆಟ್ಟರೆ ಗೊಬ್ಬರ ಹಾಕಿ ಸರಿಪಡಿಸಬಹುದು. ಕೊಳವೆ ಬಾವಿಯ ನೀರು ಕೆಟ್ಟರೆ ನಮ್ಮ ಕಾಲದಲ್ಲಿ ಸರಿಹೋಗುವುದಿಲ್ಲ. ಆದ್ದರಿಂದ ಮನೆ, ಶಾಲೆ, ಗುಡಿ, ಚರ್ಚು, ಮಸೀದಿಗಳ ಮಗ್ಗುಲಿಗೇ ಕೈಗಾರಿಕೆ ಬರುವಾಗ ಜನ ಪ್ರಶ್ನೆ ಕೇಳುವುದು ಅಭಿವೃದ್ಧಿಗೆ ಅಡ್ಡಿ ಮಾಡಿದಂತಲ್ಲ.

ದೇವನಹಳ್ಳಿ ರೈತರು ಮಾಡಿದ್ದು

ಇದಕ್ಕೆ ನಮ್ಮ ಕಣ್ಣೆದುರಿನ ಉದಾಹರಣೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ. ವೈಮಾನಿಕ ಮತ್ತು ರಕ್ಷಣಾ ಉದ್ಯಮಗಳ ಪಾರ್ಕಿಗೆಂದು 13 ಹಳ್ಳಿಗಳ 1,777 ಎಕರೆ ಭೂಮಿ ಪಡೆಯಲು ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ ಹೊರಟಿತ್ತು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ, ಡೇರಿಗೆ ಹಾಲು ಹಾಕುವ ನೆಲ ಅದು. ಅಲ್ಲಿನವರಲ್ಲಿ ಸಣ್ಣ ಹಿಡುವಳಿದಾರರೇ ಹೆಚ್ಚು. ಆ ತುಂಡು ಭೂಮಿ ಹೋದರೆ ಬೇರೆ ದಾರಿ ಇಲ್ಲದವರು.

2022ರ ಏಪ್ರಿಲ್ 4ರಂದು ಅವರು ಧರಣಿ ಕೂತರು. ಹಗಲು ಧರಣಿ, ಬೆಳಿಗ್ಗೆ ಸಂಜೆ ಹಾಲು ಕರೆಯುವುದು, ನಡುವೆ ಬಿತ್ತನೆ, ಕಟಾವು. ಹೀಗೆ ಮೂರು ವರ್ಷ ಕಳೆಯಿತು. 2025ರ ಜೂನ್ ತಿಂಗಳಲ್ಲಿ ಸರ್ಕಾರ ಮೂರು ಹಳ್ಳಿಗಳ 495 ಎಕರೆ ಕೈಬಿಡುವುದಾಗಿ ಹೇಳಿತು. ರೈತರು ಒಪ್ಪಲಿಲ್ಲ. ಉಳಿಸಿದರೆ 13 ಹಳ್ಳಿಗಳನ್ನೂ ಉಳಿಸಿ ಎಂದರು. ಜೂನ್ 25ರ 'ದೇವನಹಳ್ಳಿ ಚಲೋ' ದಿನ ಪೊಲೀಸರು ಹಲವರನ್ನು ವಶಕ್ಕೆ ಪಡೆದರು. ಕೊನೆಗೆ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಈ ಸ್ವಾಧೀನವನ್ನು ಪೂರ್ತಿ ಕೈಬಿಡುವುದಾಗಿಯೂ, ಸ್ವಇಚ್ಛೆಯಿಂದ ಕೊಡುವವರಿಂದ ಮಾತ್ರ ಭೂಮಿ ಪಡೆಯುವುದಾಗಿಯೂ ಪ್ರಕಟಿಸಿದರು. ಧರಣಿ ಶುರುವಾಗಿ ಅಂದಿಗೆ 1,198 ದಿನಗಳಾಗಿದ್ದವು.

ಇದರಲ್ಲಿ ಮುಖ್ಯವಾದದ್ದು ಒಂದು. ಮೂರು ಹಳ್ಳಿಗಳನ್ನು ಬಿಟ್ಟಾಗ ಉಳಿದ ಹತ್ತು ಹಳ್ಳಿಗಳ ಕೈಯನ್ನು ಹೋರಾಟ ಬಿಡಲಿಲ್ಲ. ಬಿಟ್ಟಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು.

ಕಾಯ್ದೆ ಏನು ಹೇಳುತ್ತದೆ?

ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ 1966ರದು. ಇದರ 28ನೇ ಕಲಮು ತಮಗೆ ಬಾಯಿಪಾಠವಾಗಿರಬೇಕು. 28(1) ಎಂದರೆ ಪ್ರಾಥಮಿಕ ಅಧಿಸೂಚನೆ. 28(2)ರ ಪ್ರಕಾರ ತಮಗೆ ನೋಟೀಸು ಬರುತ್ತದೆ. ಅದು ತಲುಪಿದ 30 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. 28(3)ರಲ್ಲಿ ವಿಚಾರಣೆ. 28(4)ರ ಅಂತಿಮ ಅಧಿಸೂಚನೆ ಪ್ರಕಟವಾದರೆ ಭೂಮಿ ಸರ್ಕಾರದ್ದಾಗುತ್ತದೆ. ಆದ್ದರಿಂದ ಮಾತಾಡಬೇಕಾದ ಕಾಲ ಮೊದಲ 30 ದಿನ.

2013ರ ಕೇಂದ್ರ ಭೂಸ್ವಾಧೀನ ಕಾಯ್ದೆಯಂತೆ ಖಾಸಗಿ ಕಂಪನಿಗಾಗಿ ಭೂಮಿ ಪಡೆಯಲು ನೂರಕ್ಕೆ 80 ಮಂದಿಯ ಒಪ್ಪಿಗೆ ಬೇಕು. 1966ರ ಕಾಯ್ದೆಯಲ್ಲಿ ಆ ನಿಯಮವಿಲ್ಲ. "ನಾವು ಸಹಿ ಹಾಕಿಲ್ಲ, ಅದು ಹೇಗೆ ತಗೋತಾರೆ" ಎಂದು ಸುಮ್ಮನೆ ಕೂರಬೇಡಿ.

ಇನ್ನೊಂದು ದಾರಿ ನಕ್ಷೆಯದು. ನಗರ ಯೋಜನಾ ನಕ್ಷೆಯಲ್ಲಿ ಹಳದಿ ಎಂದರೆ ವಸತಿ, ಹಸಿರು ಎಂದರೆ ಬೇಸಾಯ, ನೇರಳೆ ಎಂದರೆ ಕೈಗಾರಿಕೆ. ಹೊಲಕ್ಕೆ ಯಾರೂ ಕಾಲಿಡದೆಯೇ ನಕ್ಷೆಯ ಬಣ್ಣ ಬದಲಾಗಬಹುದು. ಹಾಗೆ ಬದಲಾಯಿಸುವ ಮೊದಲು ದಿನಪತ್ರಿಕೆಯಲ್ಲಿ ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕೆಂದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಹೇಳುತ್ತದೆ. ವಾಚನಾಲಯಕ್ಕೆ ಬರುವ ತಾವು ಪತ್ರಿಕೆಯ ಪ್ರಕಟಣೆಗಳ ಪುಟವನ್ನೂ ಓದಬೇಕು. ಓದು ಬಾರದವರಿಗೆ ಓದಿ ಹೇಳಬೇಕು.

ಈಗಲೇ ಮಾಡಿಡಬೇಕಾದ ಕೆಲಸ

ಮೊದಲನೆಯದು, ಪಹಣಿ ತೆಗೆಸಿ ನೋಡಿ. ಭೂಮಿ ಇನ್ನೂ ತಾತನ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ ಮಾಡಿಸಿ. ನೋಟೀಸು ಪಹಣಿಯಲ್ಲಿರುವ ಹೆಸರಿಗೇ ಬರುತ್ತದೆ. 11ನೇ ಕಾಲಮಿನಲ್ಲಿ ಮಂಡಳಿಯ ಹೆಸರು ಸೇರಿದೆಯೇ ಎಂಬುದನ್ನೂ ನೋಡಿ.

ಎರಡನೆಯದು, ಬೆಳೆ ಸಮೀಕ್ಷೆ. ಇದು ನಮ್ಮ ಇಲಾಖೆಗೂ ಸೇರಿದ ಕೆಲಸವಾದ್ದರಿಂದ ಒತ್ತಿ ಹೇಳುತ್ತೇನೆ. ಬೆಳೆ ನಿಂತ ಹೊಲ ದಾಖಲೆಯಲ್ಲಿ "ಬೀಳು" ಎಂದಿದ್ದರೆ, ಅದನ್ನು ಬಂಜರು ಎನ್ನಲು ತಾವೇ ಸಾಕ್ಷಿ ಕೊಟ್ಟಂತೆ. 2020ರಿಂದ ರೈತರೇ ಮೊಬೈಲಿನ ಆ್ಯಪ್ ಮೂಲಕ ತಮ್ಮ ಬೆಳೆ ದಾಖಲಿಸಬಹುದು. ಪ್ರತಿ ಹಂಗಾಮಿನಲ್ಲೂ ದಾಖಲಿಸಿ.

ಮೂರನೆಯದು, ಆದಾಯದ ಲೆಕ್ಕ. ಡೇರಿಯ ಪಾಸ್ ಪುಸ್ತಕ, ಗೂಡಿನ ಮಾರುಕಟ್ಟೆಯ ಚೀಟಿ, ಎ.ಪಿ.ಎಂ.ಸಿ. ರಸೀದಿಗಳನ್ನು ಜೋಪಾನ ಮಾಡಿ. ಎಕರೆಗೆ ವರ್ಷಕ್ಕೆ ಎಷ್ಟು ಬರುತ್ತದೆ, ಎಷ್ಟು ಆಳುಗಳಿಗೆ ಕೂಲಿ ಸಿಗುತ್ತದೆ ಎಂಬುದನ್ನು ಬರೆದಿಡಿ. ಪರಿಹಾರದ ಹಣ ಒಮ್ಮೆ ಬರುವಂಥದು. ಹಾಲಿನ ಬಿಲ್ಲು ಮತ್ತೆ ಮತ್ತೆ ಬರುವಂಥದು. ಎರಡನ್ನೂ ಪಕ್ಕಪಕ್ಕ ಇಟ್ಟು ತೂಗಿ ನೋಡಿ.

ನಾಲ್ಕನೆಯದು, ಊರಿನ ನಕ್ಷೆ. ಮನೆ, ಶಾಲೆ, ಅಂಗನವಾಡಿ, ಗುಡಿ, ಚರ್ಚು, ಸ್ಮಶಾನ, ಕೆರೆ, ರಾಜಕಾಲುವೆ, ಗುಂಡುತೋಪುಗಳನ್ನು ಸರ್ವೆ ನಂಬರಿನ ಸಮೇತ ಗುರುತಿಸಿ ಆಕ್ಷೇಪಣೆಗೆ ಲಗತ್ತಿಸಿ. ಬರುವ ಕಾರ್ಖಾನೆ ಮಾಲಿನ್ಯ ಮಂಡಳಿಯ ವಿಂಗಡಣೆಯಲ್ಲಿ ಕೆಂಪೋ, ಕಿತ್ತಳೆಯೋ, ಹಸಿರೋ ಎಂದು ಬರವಣಿಗೆಯಲ್ಲಿ ಕೇಳಿ. ಕೆಂಪು ಎಂದರೆ ಮಾಲಿನ್ಯ ಅತಿ ಹೆಚ್ಚು.

ಐದನೆಯದು, ಗ್ರಾಮಸಭೆ ಸೇರಿಸಿ ನಿರ್ಣಯ ಬರೆಸಿ. ಆದರೆ ಊರಿನ ನಿರ್ಣಯವೊಂದನ್ನೇ ನಂಬಬೇಡಿ. ಪ್ರತಿ ಹಿಡುವಳಿದಾರನೂ ಬೇರೆಯಾಗಿ ಆಕ್ಷೇಪಣೆ ಕೊಟ್ಟು ಸ್ವೀಕೃತಿ ಪಡೆಯಬೇಕು. ಮುಂದೆ ನ್ಯಾಯಾಲಯಕ್ಕೆ ಹೋಗುವ ಸಂದರ್ಭ ಬಂದರೆ ಆ ಮುದ್ರೆ ಬಿದ್ದ ಪ್ರತಿಯೇ ಆಧಾರ. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು.

ಒಂದು ಎಚ್ಚರಿಕೆ. ನೋಟೀಸಿನ ಸುದ್ದಿ ಹಬ್ಬಿದೊಡನೆ ದಲ್ಲಾಳಿಗಳು ಬರುತ್ತಾರೆ. "ಸರ್ಕಾರ ಹೇಗೂ ತಗೊಳ್ತದೆ, ಈಗಲೇ ನಮಗೆ ಕೊಟ್ಟುಬಿಡಿ" ಎಂದು ಮುಂಗಡ ಕೊಟ್ಟು ಕರಾರು ಬರೆಸಿಕೊಳ್ಳುತ್ತಾರೆ. ಗಾಬರಿಯಲ್ಲಿ ಸಹಿ ಹಾಕಬೇಡಿ.

ಆ ಹಿರಿಯರ ಮನೆ ಜಗಲಿಯಲ್ಲಿ ಅಂದು ಸಂಜೆಯವರೆಗೆ ಕೂತು ಆಕ್ಷೇಪಣೆಗೆ ಬೇಕಾದ ಬೆಳೆಯ ವಿವರ ಬರೆದುಕೊಟ್ಟೆ. ಬೀಜೋಪಚಾರ ಮರುದಿನಕ್ಕೆ ಹೋಯಿತು. ಅವಧಿಗೆ ಇನ್ನೂ ಒಂಬತ್ತು ದಿನ ಉಳಿದಿತ್ತು. ಫಲ ಏನಾಗುತ್ತದೋ ಕಾದು ನೋಡಬೇಕು. ಆದರೆ ಹದ ತಪ್ಪಿದ ಮೇಲೆ ಬಿತ್ತಿದರೆ ಬೆಳೆ ಕೈಗೆ ಬಾರದೆಂದು ತಮಗೆ ನಾನು ಹೇಳಬೇಕಾಗಿಲ್ಲ. ಆಕ್ಷೇಪಣೆಗೂ ಹದವಿದೆ. ಅದನ್ನು ತಪ್ಪಿಸಿಕೊಳ್ಳಬೇಡಿ.