ಬೆಕ್ಕಿನ ಕುತ್ತಿಗೆಗೆ ಕಚೇರಿ ಕ್ಲಿಪ್ಪು

ಬೆಕ್ಕು ತನ್ನ ಮರಿಗಳಿಗೆ ಏಳು ಮನೆ ತೋರಿಸುತ್ತೆ ಅನ್ನುವುದು ನಮ್ಮ ಕಡೆಯ ಮಾತು. ಹಾಗೆ ಸಾಗಿಸುವಾಗ ಗಮನಿಸಿ. ಕುತ್ತಿಗೆಯ ಹಿಂದಿನ ಸಡಿಲ ಚರ್ಮಕ್ಕೆ ತಾಯಿ ಬಾಯಿ ಹಾಕಿದ್ದೇ ತಡ, ಮರಿ ಹಿಂಗಾಲು ಮಡಚಿ, ಬಾಲವನ್ನು ಹೊಟ್ಟೆಗೆ ಒತ್ತಿಕೊಂಡು ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತದೆ. ತಾಯಿಬೆಕ್ಕು ಹೊತ್ತ ಮರಿಯಂತೆ ಭಕ್ತ ದೇವರಿಗೆ ತನ್ನನ್ನು ಪೂರ್ತಿ ಒಪ್ಪಿಸಿಕೊಳ್ಳಬೇಕೆನ್ನುವ ಶ್ರೀವೈಷ್ಣವರ ಮಾರ್ಜಾಲಕಿಶೋರ ನ್ಯಾಯ ಹುಟ್ಟಿದ್ದೇ ಈ ನೋಟದಿಂದ.

ಬೆಳೆದ ಬೆಕ್ಕಿನ ಮೈಯಲ್ಲೂ ಆ ಮರಿಬುದ್ಧಿ ಉಳಿದಿರುತ್ತದೆಯೇ? ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಪಶುವೈದ್ಯ ಟೋನಿ ಬಫಿಂಗ್ಟನ್ ಮತ್ತು ಸಂಗಡಿಗರು ಇದನ್ನು ಪರೀಕ್ಷಿಸಲು ಹೊರಟರು. ಬೆಕ್ಕುಗಳ ಮೂತ್ರಕೋಶದ ಕಾಯಿಲೆಗೂ ಮನಸ್ಸಿನ ಒತ್ತಡಕ್ಕೂ ಇರುವ ನಂಟನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದವರು ಬಫಿಂಗ್ಟನ್. ತಾಯಿಯ ಬಾಯಿಗೆ ಬದಲಾಗಿ ಅವರಿಗೆ ಸಿಕ್ಕಿದ್ದು ಸ್ಟೇಷನರಿ ಅಂಗಡಿಯ ಕರಿ ಬೈಂಡರ್ ಕ್ಲಿಪ್ಪು! ಕುತ್ತಿಗೆಯ ಹಿಂದಿನ ಚರ್ಮಕ್ಕೆ ಅದನ್ನು ಸಿಕ್ಕಿಸಿದರೆ ಹೆಚ್ಚಿನ ಬೆಕ್ಕುಗಳು ಬೆನ್ನು ಬಗ್ಗಿಸಿ, ಬಾಲ ಮುದುರಿ ತಣ್ಣಗಾದವು. ಹೆದರಿದ ಬೆಕ್ಕಿನ ಕಣ್ಣುಪಾಪೆ ಅಗಲವಾಗಬೇಕು, ಎದೆ ಡವಗುಟ್ಟಬೇಕು. ಅವೆರಡೂ ಕಾಣಲಿಲ್ಲ. 2008ರಲ್ಲಿ ಪ್ರಕಟವಾದ ಆ ಪ್ರಬಂಧದಲ್ಲಿ ಇದಕ್ಕೆ ಕ್ಲಿಪ್ಪು, ಹಿಪ್ನಾಸಿಸ್ ಎರಡನ್ನೂ ಬೆಸೆದ 'ಕ್ಲಿಪ್ನಾಸಿಸ್' ಎಂಬ ತಮಾಷೆಯ ಹೆಸರೂ ಇತ್ತು. ಉಗುರು ಕತ್ತರಿಸುವಂಥ ಸಣ್ಣ ಕೆಲಸಗಳಿಗೆ ಇದು ಆದೀತು ಅಂದರು.

ನಾನೂ ನಂಬಿದೆ. ಕರೆಂಟ್ ಬಿಲ್ಲುಗಳ ಕಟ್ಟಿನಿಂದ ಕ್ಲಿಪ್ಪು ಬಿಡಿಸಿ, ಉಗುರು ಕತ್ತರಿಸಲೆಂದು ನಮ್ಮ ಬೆಕ್ಕು ಚುಕ್ಕಿಗೆ ಸಿಕ್ಕಿಸಿದೆ. ಅವಳು ಅಲ್ಲಾಡಲಿಲ್ಲ, ಆದರೆ ಕಿವಿ ಎರಡೂ ಹಿಂದಕ್ಕೆ ಅಂಟಿಕೊಂಡವು, ಕಣ್ಣು ಪೂರಾ ಕಪ್ಪಾಯಿತು. ತೆಗೆದ ಮೇಲೆ ಸಂಜೆವರೆಗೂ ಮಂಚದಡಿಯಿಂದ ಹೊರಗೆ ಬರಲಿಲ್ಲ.

ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಕಾರ್ಲಿ ಮೂಡಿ ಮತ್ತು ಸಂಗಡಿಗರು ಆಮೇಲೆ ಇಂಥದ್ದನ್ನೇ ಅಳತೆ ಮಾಡಿ ನೋಡಿದರು. ಬೆಕ್ಕು ಒದ್ದಾಡಿತೇ ಅನ್ನುವುದಷ್ಟೇ ಅವರ ಲೆಕ್ಕವಲ್ಲ: ಕಿವಿ ಎತ್ತ ತಿರುಗಿತು, ಪಾಪೆ ಎಷ್ಟು ಹಿಗ್ಗಿತು, ದನಿ ತೆಗೆಯಿತೇ ಎಂದು ನೋಡಿದರು. 2020ರಲ್ಲಿ ಬಂದ ಅವರ ಫಲಿತಾಂಶದ ಪ್ರಕಾರ, ಕೈ ಸಡಿಲ ಬಿಟ್ಟು ಹಿಡಿದಾಗಿನದಕ್ಕಿಂತ ಕ್ಲಿಪ್ಪು ಹಾಕಿದಾಗ ಬೆಕ್ಕುಗಳ ಕಸಿವಿಸಿ ಹೆಚ್ಚು. ಬೆಕ್ಕಿನ ವೈದ್ಯರ ಸಂಘಗಳು 2022ರ ಮಾರ್ಗಸೂಚಿಯಲ್ಲಿ ಕತ್ತಿನ ಚರ್ಮ ಹಿಡಿಯುವುದೂ ಬೇಡ, ಕ್ಲಿಪ್ಪೂ ಬೇಡ ಅಂದವು. ಒಹಾಯೋದವರು ಸುಳ್ಳು ಹೇಳಿದರು ಅಂತ ನನಗನಿಸುವುದಿಲ್ಲ. ಅವರ ಬೆಕ್ಕುಗಳು ನಿಶ್ಚಲವಾದದ್ದು, ಹೆದರಿಕೆಯ ಆ ಎರಡು ಲಕ್ಷಣ ಕಾಣದ್ದು ನಿಜವೇ. ನಿಶ್ಚಲವಾಗಿದ್ದ ಬೆಕ್ಕೆಲ್ಲ ನೆಮ್ಮದಿಯಾಗಿದೆ ಎಂದುಕೊಂಡವರು ನನ್ನಂಥವರು.

ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರು. ಒಂದೇ ದಿನ ಕತ್ತರಿಸಿ ಮುಗಿಸಬೇಕೆಂದು ಯಾರೂ ಶಾಸನ ಹಾಕಿಲ್ಲವಲ್ಲ. ಈಗ ಚುಕ್ಕಿ ತೂಕಡಿಸುವ ಮಧ್ಯಾಹ್ನ ಪಕ್ಕದಲ್ಲಿ ಕೂತು, ಅವಳ ಬೆರಳನ್ನು ಮೆಲ್ಲಗೆ ಒತ್ತುತ್ತೇನೆ; ಉಗುರು ತಾನಾಗಿ ಹೊರಚಾಚುತ್ತದೆ. ಒಳಗಿನ ಗುಲಾಬಿ ಭಾಗದಲ್ಲಿ ರಕ್ತವೂ ನರವೂ ಇವೆ. ಅದನ್ನು ಮುಟ್ಟದೆ ತುದಿಯನ್ನಷ್ಟೇ ಕಚಕ್ ಅನ್ನಿಸಿ, ನನ್ನ ಬೆರಳಿಗೆ ಮೆತ್ತಿದ ಮೊಸರು ನೆಕ್ಕಲು ಕೊಡುತ್ತೇನೆ. ಕಿವಿ ಹಿಂದಕ್ಕೆ ಹೋದರೆ ಅಂದಿಗೆ ಅಲ್ಲಿಗೇ ನಿಲ್ಲಿಸುತ್ತೇನೆ. ನಿನ್ನೆ ಎರಡು ಉಗುರು ಆದವು. ಇವತ್ತು ಒಂದೂ ಇಲ್ಲ, ಮೊಸರು ಮಾತ್ರ ಖಾಲಿ. ಕ್ಲಿಪ್ಪು ಮತ್ತೆ ಕರೆಂಟ್ ಬಿಲ್ಲು ಕಚ್ಚಿಕೊಂಡು ಕೂತಿದೆ.