ಕೊಲ್ಲಿಗೆ ಒಬ್ಬರೇ ಹೊರಟ ಹೆಂಗಸರು ಊರಲ್ಲೇ ನೋಡಿಕೊಳ್ಳಬೇಕಾದ್ದು

ಗಂಜಾಂ, ಪಾಂಡವಪುರದ ಕಡೆಯ ಹೆಣ್ಣುಮಗಳೊಬ್ಬಳು ಒಬ್ಬಳೇ ದುಬೈಗೋ ಕುವೈತಿಗೋ ಹೊರಟಳೆಂದರೆ ಮನೆಯವರು ಮೊದಲು ಕೇಳುವುದು, 'ಅಲ್ಲಿ ತಲೆ ಮುಚ್ಚಬೇಕಂತಾ? ಬುರ್ಖಾ ಹಾಕ್ಬೇಕಂತಾ?' ಎಂದು. ಕೇಳಬೇಕಾದ ಮಾತೇ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ್ದು, ವೀಸಾ ಯಾವ ಬಗೆಯದು ಎಂದು. ಪರದೇಶದಲ್ಲಿ ಹೆಂಗಸರು ಪೇಚಿಗೆ ಸಿಕ್ಕುವುದು ಬಟ್ಟೆಯಿಂದ ಕಡಿಮೆ, ಕಾಗದಪತ್ರದಿಂದ ಹೆಚ್ಚು.

ವೀಸಾಗೂ ಮೊದಲು ಬೇಕಾದ್ದು ಪಾಸ್‌ಪೋರ್ಟ್. ಮೈಸೂರಿನಲ್ಲಿ 2017ರಿಂದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರವಿದೆ, ನಮ್ಮ ಕಡೆಯವರಿಗೆ ಅದು ಹತ್ತಿರ. ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ಅದರಲ್ಲಿ 'ಇಸಿಆರ್' (ವಲಸೆ ಅನುಮತಿ ಬೇಕು ಎಂಬ ಗುರುತು) ಎಂದು ನಮೂದಾಗಿದೆಯೇ ನೋಡಿ. ಹತ್ತನೇ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಇದು ಬರುತ್ತದೆ. 50 ವರ್ಷ ದಾಟಿದವರಿಗೆ ಇಲ್ಲ. ಇಸಿಆರ್ ಇದ್ದವರು ಸೌದಿ, ಕುವೈತ್, ಒಮಾನ್, ಕತಾರ್, ಯುಎಇಯಂಥ ದೇಶಗಳಿಗೆ ದುಡಿಯಲು ಹೋಗುವುದಾದರೆ ವಲಸೆ ಅಧಿಕಾರಿಯ ಅನುಮತಿ ಬೇಕು. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಕನಿಷ್ಠ 30 ವರ್ಷ ಆಗಿರಬೇಕು. ಮಗಳ ಬಾಣಂತನಕ್ಕೋ ಉಮ್ರಾಗೋ ಹೋಗುವವರಿಗೆ ಈ ಅನುಮತಿ ಬೇಡ.

ಈ ಅನುಮತಿಯನ್ನು ಸರ್ಕಾರದ ಕಿರಿಕಿರಿ ಎಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. ಈ ದಾರಿಯಲ್ಲಿ ಹೋದರೆ ಯಾರ ಮನೆಗೆ ಹೋದಿರಿ, ಸಂಬಳ ಎಷ್ಟು, ಕರೆದೊಯ್ದ ಏಜೆಂಟ್ ಯಾರು ಎಂಬುದೆಲ್ಲ ಇಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದ ದಾಖಲೆಯಲ್ಲಿ ಉಳಿಯುತ್ತದೆ. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷ ರೂಪಾಯಿಯ ಅಪಘಾತ ವಿಮೆಯೂ ಸಿಗುತ್ತದೆ. ನೋಂದಾಯಿತ ಏಜೆಂಟ್ ತನ್ನ ಸೇವೆಗೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಆತನ ಹೆಸರು ಇಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ಮೊಬೈಲಿನಲ್ಲೇ ನೋಡಬಹುದು.

'ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿಗೆ ಹೋದ ಮೇಲೆ ಕೆಲಸದ ವೀಸಾ ಮಾಡಿಸ್ತೀವಿ' ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸಿಬಿಡಿ. ಅಕ್ಕನ ಮಗನೇ ಹೇಳಲಿ, ಬೀದಿಯ ಹಿರಿಯರೇ ಹೇಳಲಿ. ವಿಸಿಟ್ ವೀಸಾದಲ್ಲಿ ದುಡಿಯುವುದು ಅಲ್ಲಿನ ಕಾನೂನಿನಂತೆ ಅಪರಾಧ. ಸಂಬಳ ಕೊಡದಿದ್ದರೂ, ಹೊಡೆದರೂ, ಪೊಲೀಸರ ಹತ್ತಿರ ಹೋಗಲು ಹಾಗೆ ಹೋದವಳಿಗೇ ಹೆದರಿಕೆ. ಮೋಸಗಾರನಿಗೆ ಬೇಕಾದ್ದೂ ಆ ಹೆದರಿಕೆಯೇ.

ಕೆಲಸ ಕೊಟ್ಟವರು ಪಾಸ್‌ಪೋರ್ಟ್ ಇಟ್ಟುಕೊಳ್ಳುವುದಕ್ಕೆ ಕೊಲ್ಲಿಯ ಬಹುತೇಕ ದೇಶಗಳ ಕಾನೂನೇ ಒಪ್ಪುವುದಿಲ್ಲ. ಆದರೂ ಇಟ್ಟುಕೊಳ್ಳುತ್ತಾರೆ. ಆದ್ದರಿಂದ ಪಾಸ್‌ಪೋರ್ಟ್, ವೀಸಾ, ಕರಾರುಪತ್ರದ ಫೋಟೋ ನಿಮ್ಮ ಫೋನಿನಲ್ಲಿರಲಿ, ಜೆರಾಕ್ಸ್ ಊರಿನ ಮನೆಯಲ್ಲಿರಲಿ.

ಇನ್ನು ಬ್ಯಾಗು. ಅಮ್ಮಂದಿರು ಪ್ರೀತಿಯಿಂದ ಕಟ್ಟಿಕೊಡುವ ಪೊಟ್ಟಣವನ್ನು ಹೊರಡುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಪಾಯಸಕ್ಕೆಂದು ಒಂದು ಹಿಡಿ ಗಸಗಸೆ, ಇಲ್ಲವೇ ಗಸಗಸೆ ಹುರಿದು ಸೇರಿಸಿದ ಮಸಾಲೆಪುಡಿ ಇದ್ದರೆ ತೆಗೆದಿಡಿ. ಗಸಗಸೆ ಅಫೀಮಿನ ಗಿಡದ ಬೀಜ. ಯುಎಇ, ಸೌದಿಯಲ್ಲಿ ಅದನ್ನು ಮಾದಕ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ, ಅಡಿಗೆಗೆ ತಂದೆ ಎಂದರೆ ಬಿಡುವುದಿಲ್ಲ. ದುಬೈ ಕಸ್ಟಮ್ಸ್‌ನವರ ನಿಷೇಧದ ಪಟ್ಟಿಯಲ್ಲಿ ವೀಳ್ಯದೆಲೆಯೂ ಇದೆ. ಕೋಡೀನ್ ಇರುವ ಕೆಮ್ಮಿನ ಸಿರಪ್, ಟ್ರಾಮಡಾಲ್ ನೋವಿನ ಮಾತ್ರೆಗಳಿಗೆ ಮೊದಲೇ ಅನುಮತಿ ಬೇಕು. ಬಿಪಿ, ಸಕ್ಕರೆಕಾಯಿಲೆಯ ಮಾತ್ರೆಗಳೂ ಡಾಕ್ಟರ ಚೀಟಿಯ ಜೊತೆ, ಅವು ಬಂದ ಸ್ಟ್ರಿಪ್‌ನಲ್ಲೇ ಇರಲಿ. ಬಿಡಿಸಿ ಡಬ್ಬಿಗೆ ಹಾಕಿಕೊಳ್ಳಬೇಡಿ. ಬೇರೆಯವರು ಕೊಟ್ಟ ಗಂಟು, ಅದು ಪಕ್ಕದ ಮನೆಯವರ ಉಪ್ಪಿನಕಾಯಿಯೇ ಆಗಿರಲಿ, ಒಳಗೇನಿದೆ ಎಂದು ನೋಡದೆ ಒಯ್ಯಬಾರದು.

ಉಡುಪಿನ ಮಾತು ಸರಳ. ಗಂಜಾಂನ ಗುಂಬಜ್‌ಗೋ ನಿಮಿಷಾಂಬ ದೇವಸ್ಥಾನಕ್ಕೋ ಹಾಕಿಕೊಂಡು ಹೋಗುವ ಮೈ ತುಂಬ ಬಟ್ಟೆಯಲ್ಲಿ ದುಬೈ, ಮಸ್ಕತ್ ಬೀದಿಗಳಲ್ಲಿ ನೆಮ್ಮದಿಯಾಗಿ ಓಡಾಡಬಹುದು. ಸೌದಿ 2019ರಲ್ಲಿ ಪ್ರವಾಸಿಗರಿಗೆ ವೀಸಾ ತೆರೆದಾಗ ವಿದೇಶಿ ಹೆಂಗಸರಿಗೆ ಅಬಾಯಾ (ಮೈ ಮುಚ್ಚುವ ನಿಲುವಂಗಿ) ಕಡ್ಡಾಯವಲ್ಲ ಎಂದಿತು. ಭುಜ, ಮೊಣಕಾಲು ಮುಚ್ಚಿರಬೇಕು ಅಷ್ಟೆ. ಇರಾನಿನಲ್ಲಿ ಮಾತ್ರ ತಲೆ ಮುಚ್ಚುವುದು ಕಾನೂನು. ರಂಜಾನ್ ತಿಂಗಳ ಹಗಲಲ್ಲಿ ರಸ್ತೆಯಲ್ಲಿ ನೀರು ಕುಡಿಯುವುದನ್ನೂ ತಪ್ಪಿಸಿ. ಅಪರಿಚಿತರ ಫೋಟೋ ತೆಗೆಯಬೇಡಿ.

ಕಾನೂನು ಹೆಂಗಸರ ಪರವಾಗಿಯೂ ಇದೆ, ಇದನ್ನು ನಮ್ಮವರಿಗೆ ಯಾರೂ ಹೇಳುವುದಿಲ್ಲ. ಸೌದಿಯಲ್ಲಿ 2018ರ ಕಾನೂನಿನಂತೆ ಕಿರುಕುಳ ಕೊಟ್ಟವನಿಗೆ ಎರಡು ವರ್ಷದವರೆಗೆ ಜೈಲು, ತೀವ್ರ ಪ್ರಕರಣಗಳಲ್ಲಿ ಐದು. ದುಬೈ ಮೆಟ್ರೋದಲ್ಲಿ ಹೆಂಗಸರು, ಮಕ್ಕಳಿಗೆಂದೇ ಬೇರೆ ಜಾಗವಿದೆ. ಹೆಂಗಸರೇ ಓಡಿಸುವ ಗುಲಾಬಿ ಬಣ್ಣದ ಚಾವಣಿಯ ಟ್ಯಾಕ್ಸಿಗಳೂ ಇವೆ. ಯಾರಾದರೂ ಮೈಮೇಲೆ ಬಿದ್ದರೆ ಸಹಿಸಿಕೊಂಡು ಬರಬೇಡಿ, ಜೋರಾಗಿ ಮಾತಾಡಿ. ಯುಎಇ, ಕತಾರ್‌ನಲ್ಲಿ ಪೊಲೀಸ್ ನಂಬರು 999, ಕುವೈತಿನಲ್ಲಿ 112, ಒಮಾನಿನಲ್ಲಿ 9999. ಯುಎಇಯಲ್ಲಿರುವ ಭಾರತೀಯರ ಸಹಾಯವಾಣಿ 800 46342. ಮನೆಯೊಡೆಯರ ಕಾಟ ತಾಳದೆ ಹೊರಬಂದ ಹೆಂಗಸರಿಗೆ ಸೌದಿ, ಕುವೈತಿನ ನಮ್ಮ ರಾಯಭಾರ ಕಚೇರಿಗಳು ತಂಗಲು ಆಸರೆ ಕೊಡುತ್ತವೆ. ಊರಲ್ಲಿರುವವರು ವಿದೇಶಾಂಗ ಇಲಾಖೆಯ 'ಮದದ್' ಜಾಲತಾಣದಲ್ಲಿ ದೂರು ಕೊಡಬಹುದು.

ಯುಎಇಯಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆ ಮಾತ್ರ ಹೋಗುವುದಿಲ್ಲ. ಇದು ಗೊತ್ತಿಲ್ಲದೆ ಮೊದಲ ದಿನವೇ ಮನೆಯಲ್ಲಿ ಗಾಬರಿಯಾಗುವುದುಂಟು. ಅಲ್ಲಿ ನಡೆಯುವ ಬೋಟಿಮ್‌ನಂಥ ಆ್ಯಪ್ ಅನ್ನು ಹೊರಡುವ ಮೊದಲೇ ಅಮ್ಮನ ಫೋನಿಗೂ ಹಾಕಿ, ಒಂದೆರಡು ಸಲ ಮಾಡಿ ತೋರಿಸಿ. ದಿನವೂ ಮಾತಾಡುವ ಹೊತ್ತು ಗೊತ್ತುಮಾಡಿಕೊಳ್ಳಿ. ಎರಡು ದಿನ ಸುದ್ದಿಯಿಲ್ಲದಿದ್ದರೆ ಮನೆಯಲ್ಲಿ ಯಾರು, ಯಾವ ನಂಬರಿಗೆ ಫೋನು ಮಾಡಬೇಕೆಂದು ಬರೆದು ಕ್ಯಾಲೆಂಡರಿನ ಹಿಂದೆ ಅಂಟಿಸಿಡಿ.