ಹಳೇ ನೂರು ಸಿಸಿ ಬೈಕಿನ ಮನೆರಿಪೇರಿ

ಪೆಟ್ರೋಲ್ ಎಂಜಿನ್ ಓಡಲು ಮೂರು ಬೇಕು. ಹದವಾಗಿ ಬೆರೆತ ಗಾಳಿ ಮತ್ತು ಪೆಟ್ರೋಲು, ಅದನ್ನು ಸೋರಗೊಡದೆ ಒತ್ತುವ ಸಿಲಿಂಡರು, ಸರಿಯಾದ ಕ್ಷಣಕ್ಕೆ ಒಂದು ಕಿಡಿ. ತರೀಕೆರೆ ಸೀಮೆಯ ಅಡಿಕೆ ತೋಟದ ಮನೆಗಳ ಮುಂದೆ, ಕಡೂರು–ಬೀರೂರಿನ ಸಂತೆಬೀದಿಗಳಲ್ಲಿ ಇಂದಿಗೂ ದುಡಿಯುವ ಹಳೇ ಸಿ.ಡಿ. 100, ಸ್ಪ್ಲೆಂಡರ್, ಟಿವಿಎಸ್ ಎಕ್ಸ್‌ಎಲ್ ಸೂಪರ್ ಗಾಡಿಗಳು ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗದಿದ್ದರೆ, ಈ ಮೂರರಲ್ಲಿ ಒಂದು ಕೈಕೊಟ್ಟಿರುತ್ತದೆ. ಯಾವುದು ಎಂದು ತಿಳಿಯುವ ಮೊದಲೇ ಪಾನ ಹಿಡಿದು ಕಾರ್ಬೋರೇಟರ್ ಬಿಚ್ಚುವುದು ಹೊಸಬರ ಮಾಮೂಲಿ ತಪ್ಪು. ಬಿಚ್ಚುವುದು ಸುಲಭ, ಮತ್ತೆ ಜೋಡಿಸಿದಾಗ ಒಂದು ವಾಷರ್ ಉಳಿದುಹೋಗಿರುತ್ತದೆ.

ಸಿ.ಡಿ. 100 ಬಂದದ್ದು 1985ರಲ್ಲಿ, ಸ್ಪ್ಲೆಂಡರ್ 1994ರಲ್ಲಿ. ಎರಡರದ್ದೂ 97.2 ಸಿಸಿಯ ಒಂದೇ ಸಿಲಿಂಡರಿನ, ಗಾಳಿಯಿಂದಲೇ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್. ಎಕ್ಸ್‌ಎಲ್ ಸೂಪರ್ ಸುಮಾರು 70 ಸಿಸಿಯ ಟೂ ಸ್ಟ್ರೋಕ್. ಅದಕ್ಕೆ ಪೆಟ್ರೋಲಿನ ಜೊತೆಗೇ 2ಟಿ ಆಯಿಲ್ ಬೆರೆಸಬೇಕು, ವಾಲ್ವು, ಟ್ಯಾಪೆಟ್‌ಗಳ ಗೋಜಿಲ್ಲ. ಕಂಪ್ಯೂಟರಿಲ್ಲದ ಈ ಗಾಡಿಗಳ ಎಲ್ಲ ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯ ಯಂತ್ರ ಸಿಗುವುದು ಕಷ್ಟ.

ಪರೀಕ್ಷೆ ಶುರುವಾಗಬೇಕಾದದ್ದು ಪ್ಲಗ್‌ನಿಂದ. ಸ್ಪ್ಲೆಂಡರಿನ ಪ್ಲಗ್‌ಗೆ 16 ಮಿ.ಮೀ. ಪ್ಲಗ್ ಸ್ಪ್ಯಾನರ್ ಸಾಕು. ಬಿಚ್ಚಿದ ಪ್ಲಗ್ಗನ್ನು ಅದರ ಕ್ಯಾಪಿಗೇ ಸಿಕ್ಕಿಸಿ, ಲೋಹದ ಮೈ ಎಂಜಿನ್ನಿಗೆ ತಾಗುವಂತೆ ಇಟ್ಟು ಕಿಕ್ ಹೊಡೆದರೆ ತುದಿಯಲ್ಲಿ ನೀಲಿ ಕಿಡಿ ಚಟಕ್ಕೆಂದು ಹಾರಬೇಕು. ಪ್ಲಗ್ ಬಿಚ್ಚಿದ ತೂತಿನಿಂದ ಪೆಟ್ರೋಲಿನ ಆವಿ ಹೊರಬರುವುದರಿಂದ ಕಿಡಿ ಅದರ ಹತ್ತಿರ ಇರಕೂಡದು. ಸಿಲಿಂಡರಿನೊಳಗೆ ಒತ್ತಿದ ಮಿಶ್ರಣದಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚಿನ ಸಂದಿಯನ್ನು ದಾಟಲು ಹತ್ತು ಸಾವಿರ ವೋಲ್ಟಿಗೂ ಮೀರಿದ ಒತ್ತಡ ಬೇಕು. ಅದನ್ನು ಒದಗಿಸುವುದು ಇಗ್ನಿಷನ್ ಕಾಯಿಲ್. ಹಳೇ ಸ್ಪ್ಲೆಂಡರಿನಲ್ಲಿ ಕಿಡಿಯ ವಿದ್ಯುತ್ತು ಮ್ಯಾಗ್ನೆಟ್ಟಿನ ಬಳಿಯ ಕಾಯಿಲಿನಿಂದಲೇ ಬರುವ ಕಾರಣ ಬ್ಯಾಟರಿ ಪೂರ್ತಿ ಸತ್ತಿದ್ದರೂ ಕಿಕ್ ಹೊಡೆದರೆ ಗಾಡಿ ಹೊರಡುತ್ತದೆ. ಹಾರನ್ ಕೂಗದಿದ್ದರೆ ಬ್ಯಾಟರಿಯನ್ನು ಬಯ್ಯಬಹುದು, ಸ್ಟಾರ್ಟ್ ಆಗದ್ದಕ್ಕೆ ಬಯ್ಯುವಂತಿಲ್ಲ.

ಪ್ಲಗ್ಗಿನ ಬಣ್ಣವೂ ಎಂಜಿನ್ನಿನ ಒಳಗಿನ ಸುದ್ದಿ ಹೇಳುತ್ತದೆ. ತಿಳಿ ಕಂದು ಬಣ್ಣವಿದ್ದರೆ ಹದ ಸರಿಯಿದೆ. ಒಣ ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು, ಇಲ್ಲವೇ ಗಾಳಿ ಕಡಿಮೆ. ಕಡೂರು, ಅಜ್ಜಂಪುರದ ಕಡೆಯ ಬಯಲು ದಾರಿಯ ಧೂಳು ಕುಡಿದ ಗಾಡಿಗಳಲ್ಲಿ ಇದಕ್ಕೆ ಮೊದಲ ಕಾರಣ ಏರ್ ಫಿಲ್ಟರ್ ಕಟ್ಟಿಕೊಂಡಿರುವುದು. ಬಿಳಿಚಿಕೊಂಡಿದ್ದರೆ ಪೆಟ್ರೋಲು ಸಾಲದು, ಎಂಜಿನ್ ಅತಿಯಾಗಿ ಕಾಯುತ್ತಿದೆ. ಫೋರ್ ಸ್ಟ್ರೋಕ್ ಗಾಡಿಯ ಪ್ಲಗ್ ಎಣ್ಣೆಯಿಂದ ಒದ್ದೆಯಾಗಿದ್ದರೆ ಕಾಯಿಲೆ ಇನ್ನೂ ಒಳಗಿದೆ. ಹಳಬರ ಬಾಯಲ್ಲಿ ಪ್ಲಗ್ ಅಂದರೆ ಮೈಕೋ; ಬೆಂಗಳೂರಿನ ಆಡುಗೋಡಿಯ ಆ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿದರೂ ಹಳೇ ಹೆಸರು ಬಾಯಿಬಿಟ್ಟು ಹೋಗಿಲ್ಲ. ಪ್ಲಗ್ಗನ್ನು ಮರಳಿ ಹಾಕುವಾಗ ಮೊದಲ ಸುತ್ತುಗಳನ್ನು ಕೈಯಿಂದಲೇ ತಿರುಗಿಸಬೇಕು. ಹೆಡ್ ಅಲ್ಯೂಮಿನಿಯಂ, ಪ್ಲಗ್ ಉಕ್ಕು. ಓರೆಯಾಗಿ ಕೂತರೆ ಮರೆ ಕೆಡುವುದು ಹೆಡ್ಡಿನದೇ.

ಕಿಡಿ ಚೆನ್ನಾಗಿದ್ದರೆ ಮುಂದಿನ ಸರದಿ ಪೆಟ್ರೋಲಿನದು. ಕಾರ್ಬೋರೇಟರಿನ ನಡುವೆ ಸಣ್ಣಗಾದ ಕೊರಳಿದೆ. ಅಲ್ಲಿ ಗಾಳಿ ವೇಗವಾಗಿ ನುಗ್ಗುವಾಗ ಒತ್ತಡ ಇಳಿದು, ಕೆಳಗಿನ ಬಟ್ಟಲಿನ ಪೆಟ್ರೋಲು ಜೆಟ್‌ಗಳ ಮೂಲಕ ಮೇಲೆದ್ದು ಹನಿಹನಿಯಾಗಿ ಬೆರೆಯುತ್ತದೆ. ಒಂದು ಗ್ರಾಂ ಪೆಟ್ರೋಲು ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಐಡಲ್‌ಗೆ ಪೆಟ್ರೋಲು ಕೊಡುವ ಚಿಕ್ಕ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲು ಆವಿಯಾಗಿ ಉಳಿದ ಅಂಟು ಅದನ್ನು ಮುಚ್ಚಿಬಿಡುತ್ತದೆ. ಚೋಕ್ ಎಳೆದರೆ ಮಾತ್ರ ಓಡುವುದು, ಆಕ್ಸಿಲರೇಟರ್ ಬಿಟ್ಟ ಕೂಡಲೇ ಆಫ್ ಆಗುವುದು ಇದರ ಗುರುತು. ಜೆಟ್ ಹಿತ್ತಾಳೆಯದು, ಮೆದು. ತಂತಿ ತೂರಿಸಿದರೆ ತೂತು ಅಗಲವಾಗಿ ಮೈಲೇಜ್ ಕೆಡುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯೇ ಸರಿಯಾದ ಮದ್ದು.

ಇತ್ತೀಚಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರಿನೊಂದಿಗೆ ಬೆರೆಯುತ್ತದೆ. ನೀರು ಮಿತಿ ಮೀರಿದರೆ ಎರಡೂ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಮಳೆಗಾಲದಲ್ಲಿ ಲಕ್ಕವಳ್ಳಿ, ಲಿಂಗದಹಳ್ಳಿಯ ಕಡೆ ಕೊಟ್ಟಿಗೆಯಲ್ಲಿ ನಿಂತ ಗಾಡಿ ಕೈಕೊಟ್ಟರೆ ಕಾರ್ಬೋರೇಟರ್ ಬಟ್ಟಲಿನ ಕೆಳಗಿನ ಸ್ಕ್ರೂ ಸಡಿಲಿಸಿ ತಳದ ದ್ರವವನ್ನು ಗಾಜಿನ ಲೋಟಕ್ಕೆ ಬಿಟ್ಟು ನೋಡಬೇಕು. ನೀರಿದ್ದರೆ ಬೇರೆ ಪದರವಾಗಿ ಕಾಣುತ್ತದೆ. ಎಥನಾಲ್ ಉರಿಯಲು ಪೆಟ್ರೋಲಿನಷ್ಟು ಗಾಳಿ ಬೇಡ. ಹಾಗಾಗಿ ಶುದ್ಧ ಪೆಟ್ರೋಲಿಗೆಂದು ಅಳೆದ ಹಳೇ ಜೆಟ್‌ಗಳಲ್ಲಿ ಮಿಶ್ರಣ ತುಸು ಬಡವಾಗುತ್ತದೆ. ಹಳೇ ರಬ್ಬರ್ ಪೈಪುಗಳೂ ಬೇಗ ಬಿರಿಯಬಹುದು.

ಕೆಮ್ಮಣ್ಣುಗುಂಡಿಯ ಏರಿನಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ. ಗಿರಿಧಾಮ ಇರುವುದು ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿ, ತರೀಕೆರೆ ಅದರ ಸುಮಾರು ಅರ್ಧದಷ್ಟು ಎತ್ತರದಲ್ಲಿ. ಪ್ರತಿ ನೂರು ಮೀಟರಿಗೆ ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಶೇ. 1ರಷ್ಟು ಇಳಿಯುತ್ತದೆ. ಕಾರ್ಬೋರೇಟರಿಗೆ ಅದು ತಿಳಿಯದು. ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗಿ ಗಾಡಿಯ ಪಿಕಪ್ ಕುಗ್ಗುತ್ತದೆ. ಊರಿಗಿಳಿದ ಮೇಲೆ ತಾನಾಗಿ ಸರಿಹೋಗುವ ಈ ತೊಂದರೆಗೆ ದಾರಿಯಲ್ಲೇ ಸ್ಕ್ರೂ ತಿರುವಬೇಕಿಲ್ಲ.

ಕಿಡಿಯೂ ಇದೆ, ಪೆಟ್ರೋಲೂ ಬರುತ್ತಿದೆ, ಆದರೂ ಕಿಕ್ಕರ್ ಹಗುರಾಗಿ ಕೆಳಗಿಳಿಯುತ್ತಿದೆ ಎಂದರೆ ಕಂಪ್ರೆಷನ್ ಸೋರುತ್ತಿದೆ. ಫೋರ್ ಸ್ಟ್ರೋಕ್ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಟ್ಯಾಪೆಟ್. ಎಂಜಿನ್ ಕಾದಾಗ ಲೋಹ ಹಿಗ್ಗುವುದರಿಂದ ವಾಲ್ವಿನ ಕಾಂಡದ ತುದಿಗೂ ರಾಕರ್ ತೋಳಿಗೂ ನಡುವೆ ಕೂದಲೆಳೆಯಷ್ಟು ತೆಳುವಾದ ಸಂದು ಬಿಟ್ಟಿರುತ್ತಾರೆ. ಅಳತೆ ಗಾಡಿಯ ಕೈಪಿಡಿಯಲ್ಲಿದೆ. ಸಂದು ಹೆಚ್ಚಾದರೆ ಟಕಟಕ ಸದ್ದು ಬರುತ್ತದೆ. ಸಂದೇ ಇಲ್ಲದಿದ್ದರೆ ವಾಲ್ವು ಪೂರ್ತಿ ಮುಚ್ಚದೆ, ಸುಡುವ ಹೊಗೆ ಅದರ ಅಂಚನ್ನೇ ತಿನ್ನುತ್ತದೆ. ಸದ್ದಿಲ್ಲದ ಬಿಗಿ ಟ್ಯಾಪೆಟ್ಟೇ ಹೆಚ್ಚು ಅಪಾಯಕಾರಿ. ಹೊಂದಿಸುವಾಗ ಎಂಜಿನ್ ಪೂರ್ತಿ ತಣ್ಣಗಿರಬೇಕು, ಪಿಸ್ಟನ್ ಮೇಲ್ತುದಿಯಲ್ಲಿದ್ದು ಎರಡೂ ವಾಲ್ವು ಮುಚ್ಚಿರಬೇಕು.

ಎಂಜಿನ್ ಆಯಿಲ್ ಬದಲಿಸುವುದು ಎಲ್ಲಕ್ಕಿಂತ ಸರಳ, ಆದರೆ ಆಯಿಲ್ ಆರಿಸುವಾಗ ಎಚ್ಚರ ಬೇಕು. ಈ ಫೋರ್ ಸ್ಟ್ರೋಕ್ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರೂ ಒಂದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಜಾರಿಕೆ ಹೆಚ್ಚಿಸುವ ರಾಸಾಯನಿಕ ಬೆರೆತ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಪ್ಲೇಟುಗಳೂ ಜಾರುತ್ತವೆ. ಡಬ್ಬಿಯ ಮೇಲೆ ಜಾಸೋ ಎಂಎ ಗುರುತು ಇರಬೇಕು.

ಚೈನಿನ ನಡುಭಾಗ ಬೆರಳಿಗೆ ಎರಡರಿಂದ ಮೂರು ಸೆಂಟಿಮೀಟರ್ ಮೇಲೆ ಕೆಳಗೆ ಆಡಿದರೆ ಸಾಕು. ಚೈನ್ ಬಿಗಿಸಲು ಹಿಂದಿನ ಚಕ್ರವನ್ನು ಹಿಂದೆ ಸರಿಸುವಾಗ ಎರಡೂ ಬದಿಯ ಗೆರೆ ಸಮನಾಗಿರದಿದ್ದರೆ ಸ್ಪ್ರಾಕೆಟ್ ಹಲ್ಲು ಓರೆಯಾಗಿ ಸವೆಯುತ್ತದೆ. ಡ್ರಮ್ ಬ್ರೇಕ್ ತೆಗೆದಾಗ ಒಳಗಿನ ಪುಡಿಯನ್ನು ಬಾಯಿಂದ ಊದಬಾರದು. ಹಳೇ ಬ್ರೇಕ್ ಶೂಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಮನೆಯ ಪಾನಕ್ಕೆ ಬಗ್ಗದ ಕೆಲಸಗಳೂ ಇವೆ. ಫೋರ್ ಸ್ಟ್ರೋಕ್ ಗಾಡಿಯ ಸೈಲೆನ್ಸರಿನಿಂದ ಸದಾ ನೀಲಿ ಹೊಗೆ ಬಂದು ಪ್ಲಗ್ಗೂ ಎಣ್ಣೆಯಾಗಿದ್ದರೆ ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿದೆ. ಬೋರ್ ಅಳೆದು ಕೊರೆಯಲು ಯಂತ್ರ ಬೇಕು, ಕ್ರ್ಯಾಂಕಿನ ಬೇರಿಂಗ್ ಕೀಳಲು ಪುಲ್ಲರ್ ಮತ್ತು ಪ್ರೆಸ್ ಬೇಕು. ಅಂಥ ಗಾಡಿಯನ್ನು ಬೋರಿಂಗ್ ಮಾಡುವ ವರ್ಕ್‌ಶಾಪಿಗೇ ಒಯ್ಯಬೇಕು.